ಅಳತೆಯಮ್ಮ

ಮೊದಲು ಕಂಡದ್ದು ಚಪ್ಪಲಿ. ನೀಲಿ ಪಟ್ಟಿಯ ರಬ್ಬರ್ ಚಪ್ಪಲಿ. ಎಡಗಾಲಿನದರ ಪಟ್ಟಿ ಕಿತ್ತುಬಂದ ಕಡೆ ಒಂದು ಪಿನ್ನು. ಪಕ್ಕದ ಮಳಿಗೆಯವರ ಅರ್ಧ ಎದ್ದ ಗೋಡೆಯ ಸಂದಿಯಿಂದ ಅಷ್ಟೇ ಕಾಣುತ್ತಿತ್ತು, ಮತ್ತು ಆ ಪಿನ್ನು ಅವಳ ಹೆಬ್ಬೆರಳಿಗಿಂತ ಉದ್ದವಿತ್ತು. ಯಾವುದೋ ಚಪ್ಪಲಿ ಕಂಪನಿಯ ಜಾಹೀರಾತಿರಬೇಕು, ಹರಿದದ್ದನ್ನು ತೋರಿಸಿ ಹೊಸದನ್ನು ಮಾರುವ ಉಪಾಯ ಪರವಾಗಿಲ್ಲ ಎಂದುಕೊಂಡೇ ಅವಳು ಇನ್ನೂ ನಾಲ್ಕು ಹೆಜ್ಜೆ ನಡೆದಳು, ಲೋಟದ ಕಾಫಿ ತುಳುಕದಂತೆ, ನೆಲದಲ್ಲಿ ಹರಡಿಬಿದ್ದ ವೈರುಗಳನ್ನು ಒಂದೊಂದಾಗಿ ದಾಟುತ್ತ. ಆ ನಾಲ್ಕು ಹೆಜ್ಜೆಯಲ್ಲಿದ್ದ ನೆಮ್ಮದಿಯನ್ನು ನೆನೆದರೆ ಆಮೇಲೆ ಅವಳಿಗೆ ನಾಚಿಕೆಯಾಗುತ್ತಿತ್ತು. ಐದನೆಯ ಹೆಜ್ಜೆಗೆ ಪಕ್ಕದವರ ಗೋಡೆ ಮುಗಿಯಿತು. ತಾನೇ ಗೆರೆಗೆರೆಯಾಗಿ ಬರೆದ ಮಳಿಗೆ ಎದುರಿಗಿತ್ತು: ಮೂರು ಕಡೆ ತೆರೆದ ಜಗಲಿಯಂಥ ವೇದಿಕೆ, ಸಾಲಾಗಿ ಅಡುಗೆಮನೆಯ ಕಪಾಟುಗಳು, ಹಿಂದೆ ಹದಿಮೂರು ಅಡಿ ಎತ್ತರದ ಒಂದೇ ಗೋಡೆ. ಆ ಗೋಡೆಯ ತುಂಬ ಬರಬೇಕಾಗಿದ್ದದ್ದು ಬೆಳಕು ಚೆಲ್ಲಿದ ಒಂದು ಖಾಲಿ ಬಾಗಿಲು. ಬಾಗಿಲು ಬಂದಿತ್ತು, ಬೆಳಕೂ ಬಂದಿತ್ತು. ಖಾಲಿ ಮಾತ್ರ ಇರಲಿಲ್ಲ. ಚಪ್ಪಲಿಯಿಂದ ನೆತ್ತಿಯವರೆಗೆ ಹನ್ನೆರಡೂವರೆ ಅಡಿಯ ಅವಳ ಅಮ್ಮ ಬಾಗಿಲಲ್ಲಿ ನಿಂತಿದ್ದಳು.

ಎದೆ ಧಸಕ್ಕೆಂದಿತು ಎನ್ನುತ್ತಾರಲ್ಲ, ಅವಳಿಗೆ ಹಾಗಾಗಲಿಲ್ಲ. ಎದೆ ಇದ್ದ ಜಾಗವೇ ಇಲ್ಲವಾದ ಹಾಗಾಯಿತು. ಕಾಫಿ ಲೋಟವನ್ನು ನೆಲಕ್ಕಿಟ್ಟಳು, ಬಹಳ ಜೋಪಾನವಾಗಿ, ಅದೊಂದೇ ಈಗ ಮಾಡಬಹುದಾದ ಸರಿಯಾದ ಕೆಲಸವೆಂಬಂತೆ. ಸುತ್ತ ಗರಗಸ ಕಿರುಗುಟ್ಟುತ್ತಿತ್ತು, ಯಾರೋ ಟೇಪು ಹರಿಯುತ್ತಿದ್ದರು, ದೂರದಲ್ಲಿ ಧ್ವನಿವರ್ಧಕ ಹಲೋ ಹಲೋ ಎಂದು ತನ್ನನ್ನೇ ಪರೀಕ್ಷಿಸಿಕೊಳ್ಳುತ್ತಿತ್ತು. ಒಂಬತ್ತು ಗಂಟೆ. ಹನ್ನೊಂದಕ್ಕೆ ಮೇಳದ ಬಾಗಿಲು ತೆರೆಯುತ್ತದೆ. ಹನ್ನೊಂದಕ್ಕೇ ಅಮ್ಮನೂ ಬರುತ್ತಾಳೆ. ನಿಜವಾದ ಅಮ್ಮ, ಐದಡಿ ಒಂದಿಂಚಿನವಳು, ಕುತ್ತಿಗೆಗೆ ‘ಅತಿಥಿ’ ಎಂಬ ಪಾಸು ನೇತುಹಾಕಿಕೊಂಡು. ಎಂಟು ವರ್ಷದಲ್ಲಿ ಒಮ್ಮೆಯೂ ಮಗಳ ಕೆಲಸ ನೋಡದವಳು, ‘ಮೂರು ದಿನಕ್ಕೆ ಕಟ್ಟಿ ನಾಲ್ಕನೇ ದಿನ ಒಡೆಯೋದನ್ನ ಏನು ನೋಡೋದು ಪುಟ್ಟಿ’ ಎಂದು ನಗುತ್ತಿದ್ದವಳು, ಈ ಸಲ ತಾನಾಗಿಯೇ ಫೋನು ಮಾಡಿ ಬರಲಾ ಎಂದು ಕೇಳಿದ್ದಳು.

ಆ ಫೋನು ಬಂದಾಗಲೇ ಆದದ್ದು ಇದು. ಈಗ ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತಿದೆ. ಎಷ್ಟೇ ದೊಡ್ಡ ಮಳಿಗೆಯ ಚಿತ್ರ ಬರೆದರೂ ಅದರ ಪಕ್ಕ ಒಬ್ಬ ಮನುಷ್ಯನನ್ನು ನಿಲ್ಲಿಸಬೇಕು. ಇಲ್ಲದಿದ್ದರೆ ನೋಡುವವರಿಗೆ ಅದು ಗೋಡೆಯೋ ಬೆಂಕಿಪೊಟ್ಟಣವೋ ಗೊತ್ತಾಗುವುದಿಲ್ಲ. ಉಳಿದವರು ಕೋಟು ಹಾಕಿದ ಎತ್ತರದ ಗಂಡಸರನ್ನು, ಬ್ಯಾಗು ಬೀಸಿಕೊಂಡು ನಡೆಯುವ ಹೆಂಗಸರನ್ನು ಇಂಟರ್ನೆಟ್ಟಿನಿಂದ ತಂದು ನಿಲ್ಲಿಸುತ್ತಿದ್ದರು. ಅವಳು ಕಾಲೇಜಿನ ಕೊನೆಯ ವಾರ ತಾನೇ ತೆಗೆದ ಅಮ್ಮನ ಫೋಟೋ ಕತ್ತರಿಸಿ ನಿಲ್ಲಿಸುತ್ತಿದ್ದಳು. ಬಲಗೈಯಲ್ಲಿ ಬಾಗಿಲ ಚೌಕಟ್ಟು ಹಿಡಿದು, ಎಡಗೈ ಮುಂದೆ ಚಾಚಿ ಹುಬ್ಬಿನ ಮಟ್ಟಕ್ಕೆ ಎತ್ತಿದ ಅಮ್ಮ. ತಲೆ ಬಾಚಿಲ್ಲ, ಫೋಟೋ ಬೇಡ ಎಂದು ತಡೆಯಲು ಎತ್ತಿದ ಕೈ ಅದು. ಆದರೆ ಎರಡಿಂಚಿನ ಚಿತ್ರದಲ್ಲಿ ಏನನ್ನೋ ತೋರಿಸುತ್ತಿರುವ ಹಾಗೆ, ಬನ್ನಿ ನೋಡಿ ಎನ್ನುತ್ತಿರುವ ಹಾಗೆ ಕಾಣುತ್ತಿತ್ತು. ಯಾವ ಕಪಾಟಿನ ಪಕ್ಕಕ್ಕಿಟ್ಟರೂ ಒಪ್ಪುತ್ತಿತ್ತು. ಮೊನ್ನೆ ಕಂಪ್ಯೂಟರಿನಲ್ಲಿ ಹಿಂಗೋಡೆಯ ಹಾಳೆಗೂ ಅಂಟಿಸಿದ್ದಳು. ಅಂಟಿಸಿದ್ದು ಬೇರೆ ಹಾಳೆಯ ಅಮ್ಮ, ನಿಜ ಗಾತ್ರದ ಇಪ್ಪತ್ತರಲ್ಲೊಂದು ಅಳತೆಯವಳು. ಗೋಡೆಯ ಹಾಳೆ ಐವತ್ತರಲ್ಲೊಂದು. ಅಮ್ಮ ಎರಡೂವರೆ ಪಟ್ಟು ಬೆಳೆದುನಿಂತಳು. ಕುಗ್ಗಿಸೋಣ ಎನ್ನುವಷ್ಟರಲ್ಲಿ ಫೋನು. ‘ಪುಟ್ಟಿ, ಬಿಜಿನಾ?’ ‘ಹೂಂ ಅಮ್ಮ, ಬೇಗ ಹೇಳು.’ ಮಾತಾಡುತ್ತಲೇ ಹಾಳೆಯ ಮೂಲೆಯ ಸಣ್ಣ ಕಣ್ಣಿನ ಗುರುತು ಒತ್ತಿ ಅಮ್ಮನನ್ನು ಮರೆ ಮಾಡಿದ್ದಳು. ಪರದೆಯಿಂದ ಮರೆಯಾದದ್ದು ಅಚ್ಚಿನಿಂದ ಮರೆಯಾಗುವುದಿಲ್ಲ, ಅದಕ್ಕೆ ಬೇರೆಯೇ ಒಂದು ಗುಂಡಿಯಿದೆ. ಕೆಲಸಕ್ಕೆ ಸೇರಿದ ಮೊದಲ ವಾರವೇ ಕಲಿಯುವ ಪಾಠ. ಅವಳೇ ಹೊಸಬರಿಗೆ ಕಲಿಸುತ್ತಿದ್ದ ಪಾಠ.

‘ಏನ್ ತಾಯಿ, ಕೊನೆಗೂ ಅಳತೆಯಮ್ಮನ್ನ ಗದ್ದುಗೆ ಮೇಲೆ ಕೂರಿಸೇಬಿಟ್ರಲ್ಲ!’

ಮೇಸ್ತ್ರಿ. ಬಾಯಲ್ಲಿ ನಾಲ್ಕು ಮೊಳೆ ಕಚ್ಚಿಕೊಂಡೇ ಮಾತಾಡುವ, ಅವಳ ಎಲ್ಲ ಮಳಿಗೆಗಳನ್ನೂ ಕಟ್ಟಿದ ಮುದಿ ಬಡಗಿ. ‘ಬೆಳಗ್ಗೆ ಗೋಡೆಗೆ ಅಂಟಿಸ್ತಾ ಅಂಟಿಸ್ತಾ ಕಾಲು ಬಂತು, ಸೊಂಟ ಬಂತು, ಮುಖ ಬಂದ ಕೂಡ್ಲೇ ನಮ್ ಹುಡುಗ್ರು ಕೈ ಮುಗಿದುಬಿಟ್ರು. ನಾನಂದೆ, ಗಾಬರಿಯಾಗ್ಬೇಡ್ರೋ, ನಮ್ಮ ಆಫೀಸಿನ ಹೆಂಗ್ಸೇ.’

‘ಮೇಸ್ತ್ರಿ, ಇದು ತಪ್ಪು. ತಪ್ಪಾಗಿ ಬಂದಿರೋದು.’

‘ತಪ್ಪಾ? ಇಷ್ಟೆತ್ತರದ ತಪ್ಪು ನಾನು ನೋಡೇ ಇಲ್ಲಪ್ಪ.’

ಅಳತೆಯಮ್ಮ ಎಂದು ಹೆಸರಿಟ್ಟದ್ದು ಆಫೀಸು. ಅವಳು ಸೇರಿದ ಎಂಟನೆಯ ದಿನ, ಎಲ್ಲರೂ ಕೂತ ಕೋಣೆಯಲ್ಲಿ ಅವಳ ಮೊದಲ ಚಿತ್ರ ಪರದೆಗೆ ಬಿದ್ದಾಗ ಬಾಸ್ ಕುರ್ಚಿಯಿಂದ ಮುಂದಕ್ಕೆ ಬಾಗಿ, ‘ಇದ್ಯಾರು? ಎಲ್ಲಿ ಸಿಕ್ಕಿದ್ಲು ಈ ಹೆಂಗ್ಸು?’ ಎಂದಿದ್ದರು. ನಮ್ಮಮ್ಮ ಎಂಬ ಮೂರು ಅಕ್ಷರ ಗಂಟಲವರೆಗೆ ಬಂದದ್ದು ಅವಳಿಗೆ ಇವತ್ತಿಗೂ ನೆನಪಿದೆ. ಗಂಟಲಿನಲ್ಲೇ ಅದು ತಿರುಗಿಕೊಂಡು, ‘ನೆಟ್ಟಲ್ಲಿ ಸಿಕ್ತು ಸಾರ್’ ಎಂದು ಹೊರಬಿದ್ದದ್ದೂ. ‘ನೆಟ್ಟಲ್ಲಿ ಚಪ್ಪಲಿಗೆ ಪಿನ್ನು ಚುಚ್ಕೊಂಡಿರೋರೂ ಸಿಗ್ತಾರಾ?’ ಎಂದು ಯಾರೋ ಅಂದರು. ಕೋಣೆ ಗೊಳ್ಳೆಂದಿತು. ಅವಳೂ ನಕ್ಕಳು, ಎಲ್ಲರಿಗಿಂತ ಒಂದು ಗಳಿಗೆ ತಡವಾಗಿ, ಎಲ್ಲರಿಗಿಂತ ಒಂದು ಗಳಿಗೆ ಹೆಚ್ಚು. ಆಮೇಲೆ ಬೇರೆ ಚಿತ್ರ ಹುಡುಕಬಹುದಿತ್ತು. ಹುಡುಕಲಿಲ್ಲ. ಬಾಯಲ್ಲಿ ಇಲ್ಲವೆಂದದ್ದನ್ನು ಕೈಯಿಂದ ಮತ್ತೆ ಮತ್ತೆ ಬರೆದಳು. ಪ್ರತಿ ಹಾಳೆಯ ಮೂಲೆಯಲ್ಲಿ ಅಮ್ಮ, ಔಷಧಿ ಕಂಪನಿಯ ಮಳಿಗೆಯಲ್ಲಿ ಅಮ್ಮ, ಟ್ರ್ಯಾಕ್ಟರಿನ ಪಕ್ಕ ಅಮ್ಮ. ಅದನ್ನೇ ಪ್ರಾಯಶ್ಚಿತ್ತ ಎಂದುಕೊಂಡಿದ್ದಳು. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿಗೂ ಅದರದೇ ಒಂದು ಪ್ರಾಯಶ್ಚಿತ್ತ ಇದ್ದೀತು.

ಹೊಸ ಅಚ್ಚು ತರಿಸಲು ಒಂದು ದಿನ ಬೇಕು. ಗೋಡೆಗೆ ಪರದೆ ಕಟ್ಟೋಣವೆಂದರೆ ಹದಿಮೂರು ಅಡಿಯ ಬಟ್ಟೆ ಎಲ್ಲಿಂದ ತರುವುದು? ಬಿಳಿ ಬಣ್ಣ ಬಳಿದರೆ ಹನ್ನೊಂದಕ್ಕೆ ಒಣಗುವುದಿಲ್ಲ. ಒಂದೊಂದನ್ನೂ ಲೆಕ್ಕ ಹಾಕುತ್ತ ಅವಳು ಗೋಡೆಯ ಹತ್ತಿರ ಹತ್ತಿರ ಹೋದಳು. ಹೋದಷ್ಟೂ ಅಮ್ಮ ಇಲ್ಲವಾಗುತ್ತ ಬಂದಳು. ಕೈಯಳತೆಯ ದೂರದಲ್ಲಿ ಬರೀ ಚುಕ್ಕೆ, ನೀಲಿ ಚುಕ್ಕೆ, ಹಳದಿ ಚುಕ್ಕೆ, ಮೊಣಕಾಲೋ ಮಡಿಕೆಯೋ ತಿಳಿಯದ ಒಂದು ಕಂದು ಮಂಜು. ಹಿಂದಕ್ಕೆ ಸರಿದಳು. ಹತ್ತು, ಹನ್ನೊಂದು, ಹನ್ನೆರಡು ಹೆಜ್ಜೆ. ಚುಕ್ಕೆಗಳೆಲ್ಲ ಒಂದಾಗಿ ಅಮ್ಮ ಮತ್ತೆ ಮೈದುಂಬಿಕೊಂಡಳು. ಅಮ್ಮನ ಮುಖವನ್ನು ಇಷ್ಟು ಹೊತ್ತು ನೋಡಿದ್ದು ಯಾವಾಗ? ಎರಡಿಂಚಿನಲ್ಲಿ ಮುಖವೆಂದರೆ ಒಂದು ಕಂದು ಬೊಟ್ಟು, ಅಷ್ಟೇ. ಈಗ ಅದರಲ್ಲಿ ಕಣ್ಣಿತ್ತು. ಆ ಕಣ್ಣು ತಲೆ ಬಾಚದ ಹೆಂಗಸಿನ ಮುಜುಗರದ ಕಣ್ಣಾಗಿರಲಿಲ್ಲ. ಏನನ್ನೋ ಹೇಳಲು ಬಂದು, ಬಾಗಿಲಲ್ಲಿ ತಡೆದು ನಿಂತ ಕಣ್ಣು. ತುಟಿ ಸಣ್ಣಗೆ ಬಿರಿದಿತ್ತು.

‘ಓ ಮೈ ಗಾಡ್.’

ಕಪಾಟು ಕಂಪನಿಯ ಮೇಡಂ ಅವಳ ಹಿಂದೆಯೇ ಬಂದು ನಿಂತಿದ್ದರು, ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಚಾರ್ಜರು. ಮುಗಿಯಿತು ಎಂದುಕೊಂಡಳು. ಮೇಡಂ ತಲೆ ಓರೆ ಮಾಡಿದರು, ಹಿಂದೆ ಸರಿದರು, ಮತ್ತೆ ಮುಂದೆ ಬಂದರು. ‘ನಾವು ಓಕೆ ಮಾಡಿದ್ದು ಖಾಲಿ ಬಾಗ್ಲಲ್ವಾ?’

‘ಹೌದು ಮೇಡಂ. ಅದು... ಸ್ವಲ್ಪ...’

‘ಇರಿ, ಇರಿ. ಚೆನ್ನಾಗಿದೇರೀ! ಪಕ್ಕದೋರು ನೋಡಿ, ಲಿಪ್‌ಸ್ಟಿಕ್ ಹಾಕ್ಕೊಂಡು ಸೌಟು ಹಿಡ್ಕೊಂಡಿರೋ ಮಾಡೆಲ್. ಯಾವ ಮನೇಲಿ ಇರ್ತಾರೆ ಹಂಗೆ? ಇವ್ರು ನೋಡಿ, ಅಸಲಿ. ಯಾರಿವ್ರು?’

ಎಂಟು ವರ್ಷದ ಹಿಂದಿನ ಕೋಣೆ, ಅದೇ ಪ್ರಶ್ನೆ. ದೇವರು ಒಂದೇ ಪರೀಕ್ಷೆಯನ್ನು ಎರಡನೇ ಸಲ ಕೊಟ್ಟರೆ ಮನುಷ್ಯ ಪಾಸಾಗುತ್ತಾನೆ ಎಂದು ಅಜ್ಜಿ ಹೇಳುತ್ತಿದ್ದಳು, ಅಜ್ಜಿಯ ಕಥೆಯ ರಾಜಕುಮಾರರೆಲ್ಲ ಹಾಗೇ ಪಾಸಾದವರು. ಅವಳ ಬಾಯಿ ತೆರೆಯಿತು. ‘ನೆಟ್ಟಲ್ಲಿ ಸಿಕ್ತು ಮೇಡಂ.’

‘ಅಯ್ಯೋ, ಆಮೇಲೆ ಅವ್ರು ಬಂದು ನನ್ನ ಫೋಟೋ ಯಾಕೆ ಹಾಕಿದ್ರಿ ಅಂತ ಕೇಳಿದ್ರೆ?’

‘ಇಲ್ಲ,’ ಎಂದಳು ಅವಳು. ‘ಅವ್ರು ಕೇಳಲ್ಲ.’ ಅದೊಂದು ಮಾತ್ರ ನಿಜವಾಗಿತ್ತು. ಅವರು ಯಾವತ್ತೂ ಏನನ್ನೂ ಕೇಳಿದವರಲ್ಲ.

‘ಸರಿ ಹಾಗಾದ್ರೆ. ಇರ್ಲಿ. ಆದ್ರೆ ಆ ಕೈಯಲ್ಲಿರೋದನ್ನ ತೆಗ್ಸಿ. ಹತ್ತೂವರೆಗೆ ನಮ್ಮ ಎಂ.ಡಿ. ಬರ್ತಾರೆ.’

‘ಯಾವುದು? ಬಳೆನಾ?’

‘ಬಳೆ ಅಲ್ಲರೀ ಅದು. ಸರಿಯಾಗಿ ನೋಡಿ. ಆಸ್ಪತ್ರೆ ಪಟ್ಟಿ. ಅಡ್ಮಿಟ್ ಮಾಡ್ದಾಗ ಹಾಕ್ತಾರಲ್ಲ, ಹೆಸರು ಬರೆದು. ನೋಡಿ, ಮುಂಗೈ ಮೇಲೆ ಹತ್ತಿ, ಟೇಪು. ಡ್ರಿಪ್ ತೆಗೆದಿರೋದು. ಜನ ಏನಂದ್ಕೋತಾರೆ? ಈ ಅಡುಗೆಮನೆಯಿಂದ ಸೀದಾ ಆಸ್ಪತ್ರೆ ಅಂತ!’ ತಮ್ಮ ಮಾತಿಗೆ ತಾವೇ ನಕ್ಕು ಮೇಡಂ ಪ್ಲಗ್ಗು ಹುಡುಕಿಕೊಂಡು ಹೋದರು.

ಎಂಟು ವರ್ಷ ಅದು ಬಳೆಯಾಗಿತ್ತು. ಬಿಳಿ ಪ್ಲಾಸ್ಟಿಕ್ಕಿನ ಅಗಲ ಬಳೆ. ಅದು ಕಾಣಲಿ ಎಂದೇ ಒಂದೆರಡು ಚಿತ್ರಗಳಲ್ಲಿ ಅವಳು ಬಿಳುಪನ್ನು ಇನ್ನಷ್ಟು ಹೊಳೆಯಿಸಿದ್ದಳು. ಅಮ್ಮ ಬಿಳಿ ಬಳೆ ಹಾಕಿದ್ದನ್ನು ಅದಕ್ಕೆ ಮೊದಲಾಗಲೀ ಆಮೇಲಾಗಲೀ ನೋಡಿರಲಿಲ್ಲ ಎಂಬುದು ಈಗ, ಈ ಗಳಿಗೆಯಲ್ಲಿ, ಒಬ್ಬ ಅಪರಿಚಿತ ಹೆಂಗಸು ಚಾರ್ಜರು ಬೀಸಿಕೊಂಡು ಹೋದ ಮೇಲೆ ಹೊಳೆಯಿತು. ಯಾವ ಆಸ್ಪತ್ರೆ? ಯಾವಾಗ? ಆ ವಾರ ಅವಳ ಜೂರಿ. ಎಂಟು ಜನ ಹಿರಿಯರ ಮುಂದೆ ತನ್ನ ಮಾದರಿಯನ್ನಿಟ್ಟು ನಿಲ್ಲುವ ದಿನ. ನಡುಮನೆಯ ತುಂಬ ರಟ್ಟು, ಗೋಂದು, ಬ್ಲೇಡು. ಅಮ್ಮ ನಾಲ್ಕು ದಿನ ಇರಲಿಲ್ಲ. ‘ಚಿಕ್ಕಮ್ಮನ ಮನೆಗೆ ಹೋಗಿದಾಳೆ ಕಣೆ, ಅವಳಿಗೂ ಒಂದು ಬದಲಾವಣೆ ಬೇಡವಾ?’ ಎಂದಿದ್ದಳು ಅಜ್ಜಿ. ಈ ಹೊತ್ತಿನಲ್ಲೇ ಹೋಗಬೇಕಿತ್ತಾ ಎಂದು ಅವಳು ಸಿಡುಕಿದ್ದಳು. ಮತ್ತು ಅಜ್ಜಿ, ಇಪ್ಪತ್ತೆರಡು ವರ್ಷದ ಮೊಮ್ಮಗಳಿಗೆ, ಗೋಂದು ಒಣಗುವವರೆಗೆ ಕೇಳು ಎಂದು ಒಂದು ಕಥೆ ಹೇಳಿದ್ದಳು. ಒಂದೂರಲ್ಲಿ ಒಬ್ಬ ಮಗಳು, ಅಮ್ಮಾ ಇಲ್ಲೇ ನಿಂತಿರು, ಇದೋ ಬಂದೆ ಎಂದು ಹೊಸ್ತಿಲಲ್ಲಿ ತಾಯಿಯನ್ನು ನಿಲ್ಲಿಸಿ ಆಟಕ್ಕೆ ಹೋದಳಂತೆ. ಆಟ ಮುಗಿಯುವಾಗ ಹನ್ನೆರಡು ವರ್ಷ ಆಗಿತ್ತಂತೆ. ಬಂದು ನೋಡಿದರೆ ತಾಯಿ ಇಲ್ಲ, ಬಾಗಿಲಿಗೆ ಒಂದು ಹೊಸ ಕಂಬ. ‘ಪಾಪ, ಕಾಲು ನೋಯ್ಲಿಲ್ವಾ ಅಜ್ಜಿ?’ ಚಿಕ್ಕಂದಿನ ಅಭ್ಯಾಸದಂತೆ ಕೇಳಿದ್ದಳು, ಬ್ಲೇಡಿನಿಂದ ಕಣ್ಣೆತ್ತದೆ. ‘ಕಂಬಕ್ಕೆ ಕಾಲೆಲ್ಲಿ ಬರ್ಬೇಕು ಮುಂಡೇದೆ,’ ಎಂದು ಅಜ್ಜಿ ಎದ್ದುಹೋಗಿದ್ದಳು, ಕಥೆಗೆ ನೀತಿ ಹೇಳದೆ. ನೀತಿ ಹೇಳದ ಕಥೆ ಅದೊಂದೇ. ಅಜ್ಜಿ ಈಗ ಇಲ್ಲ, ಕೇಳಲು.

ಮೇಸ್ತ್ರಿ ಎಲ್ಲಿಂದಲೋ ಅಚ್ಚಿನ ಉಳಿಕೆ ಹಾಳೆ ತಂದರು. ಮೈಬಣ್ಣಕ್ಕೆ ಹೊಂದುವ ಒಂದು ತುಂಡು ಆರಿಸಿ, ಹಿಂದೆ ಅಂಟು ಇರುವುದನ್ನು, ಅಂಗೈಯಗಲ ಕತ್ತರಿಸಿ ಕೊಟ್ಟರು. ಏಣಿ ನಿಲ್ಲಿಸಿದರು. ‘ನಾನೇ ಹತ್ತಲಾ?’ ‘ಬೇಡ ಮೇಸ್ತ್ರಿ. ನಾನು ಹತ್ತೀನಿ.’ ಯಾಕೆ ಹಾಗೆಂದಳೋ. ಬೇರೆಯವರ ಕೈ ಅಲ್ಲಿಗೆ ತಾಗಬಾರದು ಅನ್ನಿಸಿತು.

ಮೇಸ್ತ್ರಿ ಏಣಿ ಹಿಡಿದು ಮೇಲೆ ನೋಡಿದರು. ‘ಪಾಪ, ಆ ಯಮ್ಮಂಗೆ ಎಡಗೈ ಪೂರ್ತಿ ಏಳಲ್ಲ.’

‘ಏನು?’

‘ಭುಜ ನೋಡಿ. ಕೈ ಎತ್ತೋಕೆ ಹೋಗಿ ಭುಜಾನೇ ಕಿವಿ ತನಕ ಬಂದುಬಿಟ್ಟಿದೆ. ನಮ್ಮಣ್ಣ ಕಟ್ಟಡದ ಸಾರದ ಮೇಲಿಂದ ಬಿದ್ದ ಮೇಲೆ ಹಿಂಗೇ ಆಗಿತ್ತು, ಅಲ್ಲಿಂದ ಮೇಲಕ್ಕೆ ಜಪ್ಪಯ್ಯ ಅಂದ್ರೂ ಬರ್ತಿರ್ಲಿಲ್ಲ. ಈಗ ಗೊತ್ತಾಯ್ತು ಬಿಡಿ ನನಗೆ, ನಿಮ್ಮ ಶೆಲ್ಫೆಲ್ಲ ಯಾಕೆ ಗಿಡ್ಡ ಅಂತ! ಎಂಟು ವರ್ಷ ಆಯ್ತು, ಅಳತೆಯಮ್ಮನ ಕೈ ಗೆರೆ ಅಂದ್ಕೊಂಡು ನಾಲ್ಕಡಿ ಎಂಟಿಂಚಿಗೆ ಮೊಳೆ ಹೊಡೀತಿದೀನಿ.’

ಮೂರನೆಯ ಮೆಟ್ಟಿಲಲ್ಲಿ ಅವಳ ಕಾಲು ನಿಂತಿತು. ನಾಲ್ಕಡಿ ಎಂಟಿಂಚು. ಮನುಷ್ಯ ಆಯಾಸವಿಲ್ಲದೆ ಕೈ ಚಾಚುವ ಎತ್ತರ ಎಂದು ಅವಳು ಆ ಫೋಟೋದಿಂದ ಅಳೆದು ತೆಗೆದ ಅಂಕಿ. ಪುಸ್ತಕದಲ್ಲಿ ಬೇರೆ ಅಂಕಿ ಇತ್ತು, ಇದಕ್ಕಿಂತ ಒಂದಡಿಗೂ ಹೆಚ್ಚು. ಪುಸ್ತಕದ್ದು ಯಾರದೋ ದೇಹ, ನನ್ನದು ನಿಜವಾದ ದೇಹ ಎಂದು ಬಾಸಿನೆದುರು ವಾದಿಸಿ ಗೆದ್ದಿದ್ದಳು. ಜನಕ್ಕೆ ಹಿಡಿಸಿತು. ‘ನಿಮ್ಮ ಸ್ಟಾಲಲ್ಲಿ ಎಲ್ಲಾ ಕೈಗೆ ಸಿಗುತ್ತೆ,’ ‘ಎಷ್ಟು ಕಾಳಜಿ’ ಎಂದರು. ಕಳೆದ ವರ್ಷ ಒಂದು ವೇದಿಕೆಯಲ್ಲಿ ಅದೇ ಅಂಕಿಯ ಬಗ್ಗೆ ಅವಳು ಹತ್ತು ನಿಮಿಷ ಮಾತಾಡಿದ್ದಳು, ಸಹಜವಾಗಿ ಎತ್ತಿದ ಕೈ, ಎಂಬ ಪದ ಬಳಸಿ. ಸಹಜವಾಗಿ! ಮನೆಯ ಹಿಂದೆ ಬಟ್ಟೆ ಒಣಗಿಸುವ ಹಗ್ಗ ಒಂದು ರಜೆಯಲ್ಲಿ ಅವಳು ಊರಿಗೆ ಹೋದಾಗ ಕೆಳಗಿಳಿದಿತ್ತು. ಓಡಾಡುವಾಗ ಕುತ್ತಿಗೆಗೆ ತಾಗಿ, ‘ಯಾರಮ್ಮ ಇದನ್ನ ಇಷ್ಟು ಕೆಳಗೆ ಕಟ್ಟಿದ್ದು, ಗುಜ್ಜಾರಿಗಳ ಮನೆ ಥರ’ ಎಂದು ಕೂಗಾಡಿದ್ದಳು. ‘ನಾನೇ, ಹಗ್ಗ ಸಡಿಲ ಆಗಿತ್ತು ಪುಟ್ಟಿ.’ ಅಟ್ಟದ ಮೇಲಿನ ಡಬ್ಬಿಗಳೆಲ್ಲ ಒಂದೊಂದಾಗಿ ನೆಲಕ್ಕೆ ಬಂದಿದ್ದವು. ವಯಸ್ಸಾಯಿತು ಅಂದುಕೊಂಡಿದ್ದಳು. ಅಮ್ಮನಿಗಾಗ ನಲವತ್ತಾರು.

‘ತಾಯಿ, ಯಾಕೆ ನಿಂತ್ರಿ? ಇಳೀರಿ, ನಾನು ಹತ್ತೀನಿ.’

ಅವಳು ಹತ್ತಿದಳು. ಆರನೆಯ ಮೆಟ್ಟಿಲಲ್ಲಿ ಅಮ್ಮನ ಬಲಗೈ ಅವಳ ಮುಖದ ಮಟ್ಟಕ್ಕೆ ಬಂತು, ಮತ್ತು ಬಂದಕೂಡಲೇ ಚುಕ್ಕೆಗಳಾಯಿತು. ಪಟ್ಟಿಯ ಮೇಲೆ ಅಕ್ಷರಗಳಿದ್ದವು; ಹೆಸರಿರಬೇಕು, ವಯಸ್ಸಿರಬೇಕು, ಇನ್ನೂ ಏನೋ ಒಂದು ಸಾಲು, ಯಾಕೆ ಸೇರಿಸಿದ್ದು ಎಂಬ ಸಾಲು. ಎಲ್ಲ ಬೂದು ಬಣ್ಣದ ಇರುವೆಗಳು. ಕಣ್ಣು ಕಿರಿದು ಮಾಡಿದಳು, ತಲೆ ಹಿಂದೆಳೆದಳು, ಏಣಿ ಓಲಾಡಿತು. ಕೈಯಲ್ಲಿ ತುಂಡು ಅಂಟಲು ಕಾಯುತ್ತಿತ್ತು. ಆಗ ಕೆಳಗಿಂದ ಮೇಡಮ್ಮಿನ ನಗು ಕೇಳಿಸಿತು.

‘ಅರೇ! ನೀವು ಥೇಟ್ ಇವ್ರ ಥರಾನೇ ಇದ್ದೀರಲ್ಲ!’

ಏಣಿಯ ಮೇಲಿಂದ ಅವಳಿಗೆ ಮೊದಲು ಕಂಡದ್ದು ಒಂದು ಬೈತಲೆ, ನೆರೆತ ಕೂದಲ ನಡುವಿನ ನೇರ ಗೆರೆ. ಒಂದು ಗಂಟೆ ಮೊದಲೇ ಬಂದಿದ್ದಳು ಅಮ್ಮ, ಹೊಸ ಊರಲ್ಲಿ ದಾರಿ ತಪ್ಪಿದರೆ ಎಂದು ಯಾವಾಗಲೂ ಮೊದಲೇ ಹೊರಡುವವಳು. ಕುತ್ತಿಗೆಯಲ್ಲಿ ಪಾಸು, ಕೈಯಲ್ಲಿ ಬುತ್ತಿಯ ಚೀಲ. ತಲೆಯೆತ್ತಿ ಗೋಡೆ ನೋಡುತ್ತಿದ್ದಳು. ಎಷ್ಟು ಹೊತ್ತು ನೋಡಿದಳೋ. ಗರಗಸದವನೂ ನಿಲ್ಲಿಸಿಬಿಟ್ಟಿದ್ದ. ಆಮೇಲೆ ಅಮ್ಮನ ಕಣ್ಣು ಗೋಡೆಯ ಕೈಯಿಂದ ಏಣಿಗೆ, ಏಣಿಯ ಮೇಲಿನ ಮಗಳಿಗೆ, ಮಗಳ ಕೈಯ ತುಂಡಿಗೆ ಬಂತು. ಎಲ್ಲವನ್ನೂ ಓದಿಕೊಂಡಿತು. ಅಮ್ಮ ಮೇಡಮ್ಮಿನ ಕಡೆ ತಿರುಗಿ ನಕ್ಕಳು.

‘ನನ್ನಂಥ ಮುಖ ಊರಿಗೆ ನೂರಿರುತ್ತಮ್ಮ. ಹಾಗೇ ನೋಡ್ಕೊಂಡು ಹೋಗೋಣ ಅಂತ ಬಂದೆ.’

‘ಇಲ್ಲಿ ಯಾರಾದ್ರೂ ಗೊತ್ತಿದ್ದಾರಾ?’

‘ಇಲ್ಲಪ್ಪ. ಯಾರೂ ಇಲ್ಲ.’

ಎಷ್ಟು ಸರಾಗವಾಗಿ ಹೇಳಿದಳು. ಗಂಟಲಲ್ಲಿ ಎಲ್ಲೂ ತಿರುಗದೆ, ಎಲ್ಲೂ ತಡೆಯದೆ. ಯಾರೂ ಹೇಳಿಕೊಡದೆ, ಒಂದು ನೋಟದಲ್ಲಿ, ಇಲ್ಲಿ ನಾನು ನಿನ್ನ ಅಮ್ಮನಾಗಿರಬಾರದು ಎಂಬುದನ್ನು ತಿಳಿದುಕೊಂಡು, ಅದನ್ನು ಮಗಳಿಗೆ ಕೊಟ್ಟುಬಿಟ್ಟಳು, ತಟ್ಟೆಯ ಕೊನೆಯ ತುತ್ತು ಕೊಡುವ ಹಾಗೆ. ಏಣಿಯ ಮೇಲೆ ಅವಳಿಗೆ ಕಪಾಳಕ್ಕೆ ಬಿದ್ದಂತಾಯಿತು. ಅಮ್ಮ ಆಗಲೇ ಚೀಲವನ್ನು ಕೈ ಬದಲಿಸಿ ಹೊರಟಿದ್ದಳು.

‘ಅಮ್ಮಾ!’

ಸ್ವರ ಅವಳದೇ ಎಂದು ಅವಳಿಗೂ ಗೊತ್ತಾಗಲಿಲ್ಲ. ಇಡೀ ಸಾಲು ತಿರುಗಿ ನೋಡಿತು. ‘ಅಮ್ಮ. ನಮ್ಮಮ್ಮ. ಮೇಡಂ, ಅವ್ರು ನಮ್ಮಮ್ಮ.’ ಮೇಸ್ತ್ರಿಯ ಬಾಯಿಂದ ಒಂದು ಮೊಳೆ ನೆಲಕ್ಕೆ ಬಿತ್ತು. ಅಮ್ಮ ನಿಂತಳು, ಹಣೆಗೆ ಕೈ ಅಡ್ಡ ಹಿಡಿದಳು, ಬಲಗೈ.

‘ಇಳಿ ಮೊದ್ಲು. ಬಿದ್ದು ಗಿದ್ದೀಯ.’

ಪ್ರತಿ ಮಳಿಗೆಯ ಹಿಂದೆಯೂ ಬಾಗಿಲಿನಷ್ಟಗಲದ ಒಂದು ಕತ್ತಲೆ ಗೂಡಿರುತ್ತದೆ, ಖಾಲಿ ಪೆಟ್ಟಿಗೆ ಪೊರಕೆ ನೀರಿನ ಬಾಟಲಿ ತುರುಕಲು. ಇಬ್ಬರೂ ಎರಡು ಬಣ್ಣದ ಡಬ್ಬಿಗಳ ಮೇಲೆ ಕೂತರು. ಮೊಣಕಾಲಿಗೆ ಮೊಣಕಾಲು ತಾಗುತ್ತಿತ್ತು. ಗೋಡೆಯ ಈ ಬದಿ ಬರೀ ಪ್ಲೈವುಡ್ಡು, ಮೊಳೆಯ ತುದಿಗಳು.

‘ಯಾವ ಆಸ್ಪತ್ರೆ ಅಮ್ಮ?’

‘ಈಗ ಯಾಕೆ ಬಿಡು.’

‘ಅಮ್ಮ.’

‘ಗಡ್ಡೆ ಇತ್ತು. ಇಲ್ಲಿ.’ ಎಡ ಎದೆಯ ಕಡೆ ನೋಡಿದಳೇ ಹೊರತು ಮುಟ್ಟಲಿಲ್ಲ. ‘ತೆಗೆದ್ರು. ಕಂಕುಳಲ್ಲೂ ಸ್ವಲ್ಪ ತೆಗೆದ್ರು. ನೀನು ಕೆಲಸಕ್ಕೆ ಅಂತ ಇಲ್ಲಿಗೆ ಬಂದ ಮೇಲೆ ಆರು ತಿಂಗಳು ಓಡಾಡಿದ್ವಿ, ನಾನು, ಅಜ್ಜಿ. ಈಗೇನೂ ಇಲ್ಲ. ವರ್ಷಕ್ಕೊಂದ್ಸಲ ತೋರಿಸ್ತೀನಿ, ಏನೂ ಇಲ್ಲ ಅಂತಾರೆ.’

‘ಕೂದಲು...’

‘ಹೋಯ್ತು, ಬಂತು. ತಲೆಗೆ ಬಟ್ಟೆ ಕಟ್ಕೊಂಡು ನಿನ್ನ ಜೊತೆ ವಿಡಿಯೋದಲ್ಲಿ ಮಾತಾಡಿದ್ನಲ್ಲ. ಏನಮ್ಮ ಹೀರೋಯಿನ್ ಥರ ಇದ್ದೀಯ ಅಂದಿದ್ದೆ ನೀನು.’ ಅಮ್ಮ ನಗುತ್ತಿದ್ದಳು. ನಿಜವಾಗಿ ನಗುತ್ತಿದ್ದಳು. ‘ಅಜ್ಜಿಗೆ ಹೇಳಿ ಹೇಳಿ ನಕ್ಕಿದ್ವಿ.’

ಅವಳು ನಗಲಿಲ್ಲ. ಆ ಫೋಟೋ ತೆಗೆದ ಮಧ್ಯಾಹ್ನ ಇಡಿಯಾಗಿ ತೆರೆದುಕೊಳ್ಳುತ್ತಿತ್ತು, ಗೋಂದಿನ ವಾಸನೆಯ ಸಮೇತ. ‘ಅವತ್ತು ನೀನು ಕೈ ಅಡ್ಡ ಹಿಡಿದಿದ್ದು, ಫೋಟೋ ಬೇಡ ಅಂತ ಅಲ್ವಾ?’

‘ಯಾವ ಫೋಟೋ ಬೇಡ? ಆಟೋ ಇಳಿದು ಸೀದಾ ನಿನ್ನ ಹತ್ರಾನೇ ಬಂದೆ. ಹೇಳಿಬಿಡೋಣ ಅಂತ. ಅಜ್ಜಿ ಬೇಡ ಅಂತಿದ್ರು, ನಾನೇ ಅಂದೆ, ಅವಳೇನು ಮಗುನಾ ಅಂತ. ತಲೆ ತಿರುಗ್ತಿತ್ತು, ಬಾಗಿಲು ಹಿಡ್ಕೊಂಡು, ಪುಟ್ಟಿ ಸ್ವಲ್ಪ ಬಾ ಇಲ್ಲಿ ಅಂತ ಕೈ ಚಾಚಿದೆ. ನೀನು ಆ ಕಾಲೇಜಿನ ಕ್ಯಾಮೆರಾ ಹಿಡ್ಕೊಂಡಿದ್ದೆ. ಹಾಗೇ ನಿಲ್ಲಮ್ಮ, ಅಲ್ಲಾಡಬೇಡ, ಅಳತೆಗೆ ಒಂದು ಮನುಷ್ಯ ಬೇಕಿತ್ತು ಅಂದೆ.’

‘ಆಮೇಲೆ?’

‘ನಿಂತೆ.’

ಪ್ಲೈವುಡ್ಡಿನ ಆಚೆ ಯಾರೋ ದೀಪಗಳನ್ನು ಒಂದೊಂದಾಗಿ ಹಾಕುತ್ತಿದ್ದರು. ಕೀಲುಗಳ ಸಂದಿಯಿಂದ ಬೆಳಕಿನ ಗೆರೆಗಳು ಅಮ್ಮನ ಮಡಿಲಿಗೆ ಬಿದ್ದವು. ‘ಆಮೇಲೆ ನೀನು, ಆಯ್ತಮ್ಮ, ಥ್ಯಾಂಕ್ಸ್, ಬಾಗಿಲು ಹಾಕ್ಕೊಂಡು ಹೋಗು, ಗೋಂದಿಗೆ ಧೂಳು ಬರುತ್ತೆ ಅಂದೆ. ಹಾಕ್ಕೊಂಡು ಹೋದೆ.’ ಅದರಲ್ಲಿ ದೂರು ಇರಲಿಲ್ಲ. ದೂರು ಇದ್ದಿದ್ದರೆ ಎಲ್ಲಾದರೂ ಹಿಡಿದುಕೊಳ್ಳಬಹುದಿತ್ತು.

ಬಾಗಿಲು ಬಡಿದರು. ಮೇಡಂ, ಈಗ ಮೆಲ್ಲಗೆ. ‘ಸಾರಿ ರೀ. ಗೊತ್ತಿರ್ಲಿಲ್ಲ. ಆದ್ರೆ ಎಂ.ಡಿ. ಪಾರ್ಕಿಂಗಲ್ಲಿದ್ದಾರಂತೆ. ಆ ಪಟ್ಟಿ...’

‘ಇಲ್ಲ ಮೇಡಂ,’ ಅವಳು ಎದ್ದು ನಿಂತಳು. ಎಂಟು ವರ್ಷದಲ್ಲಿ ಮೊದಲ ಬಾರಿಗೆ ಸರಿಯಾದ ಮಾತು ಸರಿಯಾದ ಹೊತ್ತಿಗೆ ಬಾಯಿಗೆ ಬಂದಿತ್ತು. ‘ಅದನ್ನ ಮುಚ್ಚಲ್ಲ. ಏನಾದ್ರೂ ಆಗ್ಲಿ. ಕೆಲಸ ಹೋದ್ರೂ ಹೋಗ್ಲಿ. ಅದು ಹಾಗೇ ಇರುತ್ತೆ, ಎಲ್ರೂ ನೋಡ್ಲಿ.’

‘ಮುಚ್ಚು,’ ಎಂದಳು ಅಮ್ಮ.

‘ಅಮ್ಮ?’

‘ಎಲ್ರೂ ಯಾಕೆ ನೋಡ್ಬೇಕು? ನನ್ನ ಕೈ ಅದು. ನಿನಗೆ ಹೇಳೋಕೆ ಅಂತ ಬಂದಿದ್ದು, ಊರಿಗಲ್ಲ. ಮುಚ್ಚು ನಡಿ.’ ಮೊಣಕಾಲಿಗೆ ಕೈಯೂರಿ ಎದ್ದಳು. ‘ಮೂರು ದಿನ ತಾನೆ? ಮೂರು ದಿನ ನಿಂತ್ಕೋತೀನಿ ಬಿಡು. ಪಟ್ಟಿ ಬೇಡ.’

ತನ್ನ ಧೈರ್ಯ ಕೂಡ ತನ್ನದೇ ಚಿತ್ರವಾಗಿತ್ತು, ಅಮ್ಮನನ್ನು ಮತ್ತೊಮ್ಮೆ ಬಾಗಿಲಲ್ಲಿ ನಿಲ್ಲಿಸಿ ತೆಗೆದದ್ದು, ಎಂಬುದು ಏಣಿಯ ಮೆಟ್ಟಿಲು ಹತ್ತುವಾಗ ಅವಳಿಗೆ ಒಂದೊಂದೇ ಮೆಟ್ಟಿಲಾಗಿ ತಿಳಿಯುತ್ತ ಹೋಯಿತು. ಕೆಳಗೆ ಒಂದು ಕಡೆ ಮೇಸ್ತ್ರಿ ಏಣಿ ಹಿಡಿದಿದ್ದರು. ಅಮ್ಮ ಹಿಂದೆ ಹಿಂದೆ ಸರಿದು, ಎದುರು ಮಳಿಗೆಯವರ ಕಾರ್ಪೆಟ್ಟಿನವರೆಗೆ ಹೋಗಿ ನಿಂತಳು. ‘ಇನ್ನೂ ಸ್ವಲ್ಪ ಮೇಲೆ. ಹಾಂ. ಬಲಕ್ಕೆ. ಅಷ್ಟಲ್ಲ, ಒಂದು ಎಳ್ಳಷ್ಟು.’ ಅಳತೆ ಹೇಳುವವರ ಗಂಟಲು ಅದು. ತಲೆಯೊಳಗೆ ಸ್ಕೇಲು ಇದ್ದವರದು. ಇದನ್ನೂ ಅವಳು ಇಷ್ಟು ವರ್ಷ ಕೇಳಿಸಿಕೊಂಡಿರಲಿಲ್ಲ. ತುಂಡಿನ ಹಿಂದಿನ ಕಾ​ಗದ ಸುಲಿದು ಚುಕ್ಕೆಗಳ ಮೇಲಿಟ್ಟಳು. ಒಳಗೆ ಗಾಳಿ ಗುಳ್ಳೆಯಾಗಿ ನಿಂತಿತು. ಹೆಬ್ಬೆರಳಿನಿಂದ ಒತ್ತಿದಳು, ಗುಳ್ಳೆ ಪಕ್ಕಕ್ಕೆ ಜಾರಿತು, ಅಂಗೈಯಿಂದ ಒತ್ತಿದಳು. ದೀಪಗಳ ಕಾವಿಗೆ ಗೋಡೆ ಬೆಚ್ಚಗಿತ್ತು, ಮೈಯಷ್ಟು ಬೆಚ್ಚಗೆ. ಇನ್ನೂ ಒತ್ತಿದಳು, ಇದ್ದ ಬಲವನ್ನೆಲ್ಲ ಹಾಕಿ, ಪ್ಲೈವುಡ್ಡು ಕಿರ್ರೆನ್ನುವ ಹಾಗೆ.

‘ಸಾಕು ಕಣೆ,’ ಕೆಳಗಿಂದ ಅಮ್ಮ ಕೂಗಿದಳು. ‘ಅಷ್ಟು ಒತ್ತಬೇಡ, ನೋಯುತ್ತೆ.’

ಮೇಸ್ತ್ರಿ ನಕ್ಕರು. ಮೇಡಂ ಕೂಡ ನಕ್ಕರು. ಅವಳು ಸುಟ್ಟುಕೊಂಡವಳಂತೆ ಕೈ ಹಿಂದಕ್ಕೆಳೆದುಕೊಂಡಳು.